ರಾಜೀನಾಮೆ ಕೊಡೋ ಮೊದಲು: ಜಾನ್ ನ್ಯೂಟನ್ ಜೀವನದಿಂದ

 

ಪ್ರಿಯರೇ, ಆರಾಧನೆ ಮುಗಿದ ಮೇಲೆ ಪ್ರಾರ್ಥನೆಗೆ ಬರುವ ಯೌವನಸ್ಥರಲ್ಲಿ ಬಹಳ ಜನ ನನ್ನನ್ನು ಕೇಳೋದು ಒಂದೇ ವಿಷಯ. ಬ್ರದರ್, ಈ ಕೆಲಸದಲ್ಲಿ ಸಿಕ್ಕಿಹಾಕಿಕೊಂಡಿದ್ದೀನಿ, ಭಾನುವಾರ ರಾತ್ರಿ ಆದ್ರೆ ಎದೆ ಭಾರ ಆಗುತ್ತೆ, ಬಿಟ್ಟುಬಿಡ್ಲಾ ಅಂತ. ಮೊದಮೊದಲು ನಾನು ವಿಶ್ವಾಸದಿಂದ ಹೆಜ್ಜೆ ಇಡಿ ಅಂತ ತಟ್ಟನೆ ಹೇಳಿಬಿಡ್ತಿದ್ದೆ. ಈಗ ಹಾಗೆ ಹೇಳೋಕೆ ಭಯ ಆಗುತ್ತೆ. ಆ ಭಯ ಬಂದಿದ್ದು ಜಾನ್ ನ್ಯೂಟನ್ ಅವರ ಜೀವನವನ್ನು ಸರಿಯಾಗಿ ಓದಿದ ಮೇಲೆ.

'ಅಮೇಜಿಂಗ್ ಗ್ರೇಸ್' ಹಾಡು ಬರೆದವರು ಇವರೇ. ಗುಲಾಮರ ಹಡಗಿನಲ್ಲಿದ್ದರು, ಬಿರುಗಾಳಿ ಬಂತು, ರಕ್ಷಣೆ ಹೊಂದಿದರು, ಹಡಗು ಬಿಟ್ಟು ಪಾಸ್ಟರ್ ಆದರು. ನಾನೂ ಯೂತ್ ಮೀಟಿಂಗ್‌ಗಳಲ್ಲಿ ಹೀಗೇ ಹೇಳಿದ್ದೀನಿ. ಆದ್ರೆ ನಡೆದದ್ದು ಹಾಗಲ್ಲ. ಇವತ್ತು ನಾನು ಅದನ್ನು ತಿದ್ದಿಕೊಳ್ಳಬೇಕು.

ನ್ಯೂಟನ್ ಹುಟ್ಟಿದ್ದು 1725ರಲ್ಲಿ, ಲಂಡನ್ನಿನಲ್ಲಿ. ತಾಯಿ ಭಕ್ತಿಯುಳ್ಳವರು, ಮಗನಿಗೆ ದೇವರ ವಾಕ್ಯ ಕಲಿಸಿದವರು. ಮಗನಿಗೆ ಏಳು ವರ್ಷ ತುಂಬುವ ಮೊದಲೇ ತೀರಿಕೊಂಡರು. ತಂದೆ ಹಡಗಿನ ಕ್ಯಾಪ್ಟನ್. ಹನ್ನೊಂದನೇ ವಯಸ್ಸಿಗೆ ಹುಡುಗ ತಂದೆಯ ಜೊತೆ ಸಮುದ್ರಕ್ಕೆ ಇಳಿದ. 1744ರಲ್ಲಿ ಅವರನ್ನು ಬಲವಂತವಾಗಿ ನೌಕಾಪಡೆಗೆ ಎಳೆದುಕೊಂಡು ಹೋದರು. ಓಡಿಹೋಗಲು ನೋಡಿ ಸಿಕ್ಕಿಬಿದ್ದು ಚಾಟಿ ಏಟು ತಿಂದರು. ಆಮೇಲೆ ಗುಲಾಮರ ವ್ಯಾಪಾರದ ಹಡಗು ಸೇರಿದರು. ಪಶ್ಚಿಮ ಆಫ್ರಿಕಾದ ತೀರದಲ್ಲಿ ಒಬ್ಬ ವ್ಯಾಪಾರಿಯ ಕೈಕೆಳಗೆ ತಾವೇ ಗುಲಾಮನ ಹಾಗೆ, ಹೊಟ್ಟೆಗಿಲ್ಲದೆ ಒದ್ದಾಡಿದರು.

1748ರ ಮಾರ್ಚ್. ಊರಿಗೆ ಮರಳುವಾಗ 'ಗ್ರೇಹೌಂಡ್' ಹಡಗು ಬಿರುಗಾಳಿಗೆ ಸಿಕ್ಕಿತು. ಇಪ್ಪತ್ತೆರಡು ವರ್ಷದ ನ್ಯೂಟನ್ ಕರುಣೆಗಾಗಿ ದೇವರಿಗೆ ಮೊರೆಯಿಟ್ಟರು. ಒಡೆದ ಹಡಗು ಹೇಗೋ ಐರ್ಲೆಂಡಿನ ತೀರ ಮುಟ್ಟಿತು. ಹಲ್ಲೆಲೂಯಾ!

ಆದ್ರೆ ಗಮನಿಸಿ. ಅದಾದ ಮೇಲೂ ಆರು ವರ್ಷ ಅವರು ಅದೇ ವ್ಯಾಪಾರದಲ್ಲಿದ್ದರು. ಪ್ರಮೋಷನ್ ಕೂಡ ಸಿಕ್ಕಿತು. 1750ರಲ್ಲಿ ಮೇರಿಯವರನ್ನು ಮದುವೆಯಾದರು. ಅದೇ ವರ್ಷ ಕ್ಯಾಪ್ಟನ್ ಆಗಿ ಹೊರಟರು. ಹಾಗೆ ಮೂರು ಸಲ ಲಿವರ್‌ಪೂಲಿನಿಂದ ಆಫ್ರಿಕಾಕ್ಕೆ ಹೋಗಿ, ಮನುಷ್ಯರನ್ನು ಕೊಂಡು, ವೆಸ್ಟ್ ಇಂಡೀಸ್ ದ್ವೀಪಗಳಿಗೆ ಸಾಗಿಸಿದರು. ಭಾನುವಾರ ಹಡಗಿನ ನಾವಿಕರಿಗೆ ಆರಾಧನೆ ನಡೆಸುತ್ತಿದ್ದರು. ಮೇಲೆ ಪ್ರಾರ್ಥನೆ, ಕೆಳಗೆ ಸರಪಳಿಯಲ್ಲಿ ಜನ. ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೂತುಬಿಟ್ಟೆ.

ಆ ಕೆಲಸದಲ್ಲಿ ಅವರಿಗೂ ಉಸಿರುಗಟ್ಟುತ್ತಿತ್ತು. ನಾನೊಬ್ಬ ಜೈಲರ್ ಆಗಿಬಿಟ್ಟೆನಲ್ಲಾ ಅಂತ ಅನಿಸುತ್ತಿತ್ತು. ಹೆಂಡತಿಯಿಂದ ತಿಂಗಳುಗಟ್ಟಲೆ ದೂರ, ವಿಶ್ವಾಸಿಗಳ ಅನ್ಯೋನ್ಯತೆ ಇಲ್ಲ. ಬೇರೆ ಕೆಲಸ ಕೊಡಪ್ಪಾ ಅಂತ ಪ್ರಾರ್ಥಿಸುತ್ತಿದ್ದರು. ಆದ್ರೆ ಆ ವ್ಯಾಪಾರವೇ ಪಾಪ ಅನ್ನೋದು ಆಗ ಅವರಿಗೆ ಹೊಳೆಯಲೇ ಇಲ್ಲ. ತನ್ನ ಕಷ್ಟ ಕಾಣಿಸಿತು, ಹಡಗಿನ ತಳದಲ್ಲಿದ್ದವರ ಕಷ್ಟ ಕಾಣಿಸಲಿಲ್ಲ. ನಾವು ಕೆಲಸ ಬದಲಾಯಿಸು ಅಂತ ದೇವರನ್ನು ಕೇಳುವಾಗಲೂ ಹೀಗೇ ಅಲ್ವಾ? ನನಗೆ ಬೇಜಾರು, ನನಗೆ ಬೆಳವಣಿಗೆ ಇಲ್ಲ, ನನಗೆ ಸಂಬಳ ಸಾಲಲ್ಲ. ನನ್ನ ಕೆಲಸದಿಂದ ಯಾರಿಗೆ ಒಳ್ಳೇದಾಗ್ತಿದೆ, ಯಾರಿಗೆ ಕೆಟ್ಟದಾಗ್ತಿದೆ ಅಂತ ಎಷ್ಟು ಸಲ ಕೇಳಿದ್ದೀವಿ?

1754ರಲ್ಲಿ ಮತ್ತೊಂದು ಪ್ರಯಾಣಕ್ಕೆ ಸಿದ್ಧವಾಗಿದ್ದಾಗ ನ್ಯೂಟನ್ ಫಿಟ್ಸ್ ಬಂದ ಹಾಗೆ ಕುಸಿದುಬಿದ್ದರು. ಸಮುದ್ರಕ್ಕೆ ಹೋಗಬೇಡಿ ಅಂತ ವೈದ್ಯರು ಹೇಳಿದರು. ಅವರು ಹಡಗು ಬಿಟ್ಟದ್ದು ಧೈರ್ಯದಿಂದಲ್ಲ, ಕಾಯಿಲೆಯಿಂದ. ಮರುವರ್ಷ ಸಿಕ್ಕಿದ್ದು ಲಿವರ್‌ಪೂಲ್ ಬಂದರಿನಲ್ಲಿ ಸುಂಕದ ಇಲಾಖೆಯ ಕೆಲಸ. ಬರುವ ಹಡಗುಗಳಲ್ಲಿ ಕಳ್ಳಸಾಗಣೆಯ ಮಾಲು ಇದೆಯಾ ಅಂತ ತಪಾಸಣೆ ಮಾಡೋದು. ಒಂಬತ್ತು ವರ್ಷ ಅದೇ ಕೆಲಸ!

ಆ ವರ್ಷಗಳನ್ನು ಅವರು ವ್ಯರ್ಥ ಮಾಡಲಿಲ್ಲ. ಸಮಯ ಸಿಕ್ಕಾಗೆಲ್ಲ ಗ್ರೀಕ್, ಹೀಬ್ರೂ ಕಲಿತರು, ಸತ್ಯವೇದ ಅಧ್ಯಯನ ಮಾಡಿದರು. ಸೇವೆಯ ಕರೆ ಮನಸ್ಸಿನಲ್ಲಿ ಬಲವಾಯಿತು. 1758ರಲ್ಲಿ ಲೀಡ್ಸ್ ಪಟ್ಟಣದಲ್ಲಿ ಪ್ರಸಂಗಕ್ಕೆ ನಿಂತರು, ಸ್ವಲ್ಪ ಹೊತ್ತಿಗೇ ಮಾತು ನಿಂತುಹೋಗಿ ಇಳಿದು ಬಂದರು. ಅಭಿಷೇಕಕ್ಕೆ ಅರ್ಜಿ ಹಾಕಿದರು, ಯಾರ್ಕಿನ ಆರ್ಚ್‌ಬಿಷಪ್ ಒಪ್ಪಲಿಲ್ಲ. ಯೂನಿವರ್ಸಿಟಿ ಡಿಗ್ರಿ ಇರಲಿಲ್ಲ. ಮೆಥೋಡಿಸ್ಟರ ಜೊತೆ ಓಡಾಟ ಇದೆ ಅನ್ನೋ ಅನುಮಾನ ಬೇರೆ. ಕೊನೆಗೆ 1764ರಲ್ಲಿ, ಲಾರ್ಡ್ ಡಾರ್ಟ್‌ಮೌತ್ ಅವರ ಸಹಾಯದಿಂದ ಬಾಗಿಲು ತೆರೆಯಿತು. ಓಲ್ನಿ ಅನ್ನೋ ಬಡ ಊರಿನ ಸಭೆಗೆ ಪಾಲಕರಾದಾಗ ಅವರಿಗೆ ಮೂವತ್ತೆಂಟು ವರ್ಷ. ಪ್ರಿಯರೇ, ಕರೆ ಬಂದ ದಿನವೇ ಬಾಗಿಲು ತೆರೆಯಬೇಕು ಅಂತ ಇಲ್ಲ. ಕಾಯುವ ಕೆಲಸವೂ ದೇವರು ಕೊಟ್ಟ ಕೆಲಸವೇ.

ಈಗ ನನಗೆ ತುಂಬಾ ಇಷ್ಟವಾದ ಭಾಗ. 1785ರ ಡಿಸೆಂಬರ್‌ನಲ್ಲಿ ಲಂಡನ್ನಿನಲ್ಲಿ ನ್ಯೂಟನ್ ಅವರನ್ನು ಕಾಣಲು ಒಬ್ಬ ಯುವಕ ಗುಟ್ಟಾಗಿ ಬಂದ. ವಯಸ್ಸು ಇಪ್ಪತ್ತಾರು, ಪಾರ್ಲಿಮೆಂಟ್ ಸದಸ್ಯ, ಹೆಸರು ವಿಲಿಯಂ ವಿಲ್ಬರ್‌ಫೋರ್ಸ್. ಹೊಸದಾಗಿ ಮನಸ್ಸು ತಿರುಗಿತ್ತು. ರಾಜಕೀಯ ಬಿಟ್ಟು ಸೇವೆಗೆ ಬರಲಾ ಅನ್ನೋ ಗೊಂದಲ. ಸ್ವತಃ ಕೆಲಸ ಬಿಟ್ಟು ಪಾಲಕರಾದ ನ್ಯೂಟನ್, ಬಿಟ್ಟು ಬಾ ಅನ್ನಲಿಲ್ಲ. ದೇವರು ನಿನ್ನನ್ನು ಇಟ್ಟಿರುವ ಜಾಗದಲ್ಲೇ ಇರು ಅನ್ನೋ ಅರ್ಥದ ಸಲಹೆ ಕೊಟ್ಟರು. ಎಸ್ತೇರಳು ಅರಮನೆಯಲ್ಲಿ ಇದ್ದದ್ದರಿಂದ ತಾನೇ ತನ್ನ ಜನರ ಪರವಾಗಿ ಮಾತಾಡೋಕೆ ಆಗಿದ್ದು? ವಿಲ್ಬರ್‌ಫೋರ್ಸ್ ಉಳಿದರು, ಗುಲಾಮರ ವ್ಯಾಪಾರದ ವಿರುದ್ಧ ಇಪ್ಪತ್ತು ವರ್ಷ ಹೋರಾಡಿದರು.

ನ್ಯೂಟನ್ ಕೂಡ ಸುಮ್ಮನೆ ಕೂರಲಿಲ್ಲ. 1788ರಲ್ಲಿ, ಹಡಗು ಬಿಟ್ಟು ಮೂವತ್ತನಾಲ್ಕು ವರ್ಷ ಆದಮೇಲೆ, ತಾವೇ ಮಾಡಿದ್ದನ್ನು ಮುಚ್ಚಿಡದೆ ಪುಸ್ತಕ ಬರೆದು ಅಚ್ಚು ಹಾಕಿಸಿದರು. ಅರಿಕೆ ತಡವಾಯಿತು ಅಂತ ಅವರೇ ಒಪ್ಪಿಕೊಂಡರು. ಅಧಿಕಾರಿಗಳ ಮುಂದೆ ಸಾಕ್ಷಿ ಹೇಳಿದರು. ಹಡಗಿನ ತಳದಲ್ಲಿ ಏನು ನಡೆಯುತ್ತೆ ಅಂತ ಒಬ್ಬ ಹಳೇ ಕ್ಯಾಪ್ಟನ್‌ಗಿಂತ ಚೆನ್ನಾಗಿ ಯಾರು ಹೇಳ್ತಾರೆ? ನಾಚಿಕೆಯ ಆ ವರ್ಷಗಳನ್ನೂ ದೇವರು ಉಪಯೋಗಿಸಿದರು. ಆದ್ರೆ ಅದರಿಂದ ಆ ಜನರ ನೋವು ಅಳಿಸಿಹೋಗಲಿಲ್ಲ, ಅದನ್ನೂ ನಾವು ಮರೆಯಬಾರದು. 1807ರ ಮಾರ್ಚ್‌ನಲ್ಲಿ ಬ್ರಿಟನ್ ಆ ವ್ಯಾಪಾರವನ್ನು ಕಾನೂನಿನಿಂದ ನಿಷೇಧಿಸಿತು. ಅದೇ ವರ್ಷ ಡಿಸೆಂಬರ್ 21ರಂದು, ಎಂಬತ್ತೆರಡನೇ ವಯಸ್ಸಿನಲ್ಲಿ, ನ್ಯೂಟನ್ ಕರ್ತನ ಬಳಿ ಸೇರಿದರು.

ಹಾಗಾದ್ರೆ ಬಿಡಬೇಕಾ, ಇರಬೇಕಾ? ಮನೆಗೆ ಹೋಗಿ ಮೂರು ಪ್ರಶ್ನೆ ಕೇಳಿಕೊಳ್ಳಿ. ನನ್ನ ಕೆಲಸ ಯಾರನ್ನಾದರೂ ತುಳಿಯುತ್ತಿದೆಯಾ? ಹೌದಾದ್ರೆ ಕಾಯಿಲೆ ಬಂದು ಬಿಡಿಸುವವರೆಗೆ ಕಾಯಬೇಡಿ, ದಾರಿ ಹುಡುಕಿ ಹೊರಗೆ ಬನ್ನಿ. ಬಾಗಿಲು ಇನ್ನೂ ಮುಚ್ಚಿದೆಯಾ? ಕಲಿಯಿರಿ, ಸಿದ್ಧರಾಗಿ. ನಾನಿರುವ ಜಾಗದಲ್ಲಿ ನಾನೇ ಮಾತಾಡಬೇಕಾದ ವಿಷಯ ಇದೆಯಾ? ಇದ್ದರೆ ಬೇಜಾರಾಯ್ತು ಅಂತ ಓಡಬೇಡಿ.

ತಲೆ ತಗ್ಗಿಸಿ ಪ್ರಾರ್ಥಿಸೋಣ. ಕರ್ತನೇ, ಇಲ್ಲಿ ದಣಿದು ಬಂದಿರುವ ನಿನ್ನ ಮಕ್ಕಳನ್ನು ನೋಡು. ನಮ್ಮ ಕಷ್ಟ ಮಾತ್ರ ಕಾಣುವ ನಮ್ಮ ಕಣ್ಣುಗಳನ್ನು ತೆರೆ. ಬಿಡು ಅಂದಾಗ ಬಿಡುವ ಧೈರ್ಯ, ಇರು ಅಂದಾಗ ಇರುವ ತಾಳ್ಮೆ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.