ಆಫ್ರಿಕಾದಲ್ಲಿ ಹುಟ್ಟಿ ಯಾರ್ಕಿನಲ್ಲಿ ಕಣ್ಮುಚ್ಚಿದ ಚಕ್ರವರ್ತಿ

ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ವೈದ್ಯ ವಿದ್ಯಾರ್ಥಿಗಳಿಗೆ ಗೌಟ್ ಎಂಬ ಕೀಲುಬೇನೆಯ ಪಾಠ ಹೇಳುವಾಗ ನಾನು ಸೆಪ್ಟಿಮಿಯಸ್ ಸೆವೆರಸ್‌ನನ್ನು ನೆನೆಯುವುದುಂಟು. ರೋಮನ್ ಚಕ್ರವರ್ತಿ ಎಂದೊಡನೆ ಅವರ ಕಣ್ಣೆದುರು ಬಿಳಿ ಅಮೃತಶಿಲೆಯ ಮೂರ್ತಿ ಮೂಡುತ್ತದೆ. ಈತನಾದರೋ ಇಂದಿನ ಲಿಬಿಯಾದ ಕಡಲತೀರದ ಲೆಪ್ಟಿಸ್ ಮ್ಯಾಗ್ನಾದಲ್ಲಿ ಕ್ರಿ.ಶ. 145ರಲ್ಲಿ ಜನಿಸಿದವನು. ಮಡದಿ ಜೂಲಿಯಾ ಡೋಮ್ನಾ ಸಿರಿಯಾದವಳು. ಮುಪ್ಪಿನವರೆಗೂ ಅವನ ನುಡಿಯಲ್ಲಿ ಆಫ್ರಿಕಾದ ಸೊಗಡು ಉಳಿದಿತ್ತಂತೆ. ನೋಡಲು ಬಂದ ಸೋದರಿಯ ಹರಕು ಲ್ಯಾಟಿನ್ನಿಗೆ ನಾಚಿ, ಆಕೆಯನ್ನು ಊರಿಗೆ ಮರಳಿ ಕಳುಹಿಸಿದನೆಂಬ ಕಥೆಯೂ ಇದೆ. ಪರದೇಶದಲ್ಲಿ ನೆಲೆಸಿದ ನಮಗೆ ಆ ನಾಚಿಕೆ ಅಪರಿಚಿತವೇನಲ್ಲ.

193ರಲ್ಲಿ ಸೈನ್ಯದ ಬಲದಿಂದ ಸಿಂಹಾಸನವೇರಿದ ಅವನು ಸೌಮ್ಯನೇನೂ ಅಲ್ಲ. ಎದುರಾಳಿಗಳ ಪಕ್ಷ ವಹಿಸಿದ ಅನೇಕ ಸೆನೆಟರುಗಳನ್ನು ಕೊಲ್ಲಿಸಿದ. ಇದನ್ನೂ ವಿದ್ಯಾರ್ಥಿಗಳಿಂದ ಮರೆಮಾಚುವುದಿಲ್ಲ. 208ರಲ್ಲಿ, ಅರವತ್ತು ದಾಟಿದ ಮೇಲೆ, ಪತ್ನಿಪುತ್ರರೊಡನೆ ಬ್ರಿಟನ್ನಿಗೆ ಬಂದು, ಇಂದಿನ ಸ್ಕಾಟ್ಲೆಂಡಿನ ಬುಡಕಟ್ಟುಗಳ ಮೇಲೆ ದಂಡೆತ್ತಿ ಹೋದ. ನಡೆಯಲಾರದೆ ದಾರಿಯ ಬಹುಭಾಗವನ್ನು ಪಲ್ಲಕ್ಕಿಯಲ್ಲೇ ಕ್ರಮಿಸಿದ. ಯೂರಿಕ್ ಆಮ್ಲದ ಹರಳುಗಳು ಹೆಬ್ಬೆರಳ ಕೀಲಿನಲ್ಲಿ ಕೂತು ಕೆರಳಿದಾಗ ಹೊದಿಕೆಯ ಸ್ಪರ್ಶವೂ ಸಹಿಸಲಸಾಧ್ಯ. ಅಂಥ ಕಾಲುಗಳಿಗೆ ಆ ಚಳಿ, ಆ ಕೆಸರು! ಇಂದು ನಾವು ಬರೆದುಕೊಡುವ ಅಗ್ಗದ ಮಾತ್ರೆ ಜಗದೊಡೆಯನಿಗೆ ಲಭ್ಯವಿರಲಿಲ್ಲ.

211ರ ಫೆಬ್ರವರಿ 4ರಂದು ಯಾರ್ಕಿನಲ್ಲಿ ತೀರಿಕೊಂಡ. ಚಿತಾಭಸ್ಮ ರೋಮ್ ಸೇರಿತು, ಹುಟ್ಟೂರನ್ನಲ್ಲ. ಮಕ್ಕಳಿಬ್ಬರೂ ಕೂಡಿ ಬಾಳಲೆಂದು ಬಯಸಿದ್ದ. ಆ ವರ್ಷ ಮುಗಿಯುವುದರೊಳಗೆ ಹಿರಿಯ ಕ್ಯಾರಕಲ್ಲಾ, ತಮ್ಮ ಗೇಟಾನನ್ನು ತಾಯಿಯ ತೋಳುಗಳಲ್ಲೇ ಕೊಲ್ಲಿಸಿದ. ಆ ಕುಟುಂಬದ ಹಲಗೆಚಿತ್ರವೊಂದು ಬರ್ಲಿನ್ನಿನಲ್ಲಿದೆ. ಅದರಲ್ಲಿ ಸೆವೆರಸ್‌ನ ಮೈಬಣ್ಣ ಕಂದು, ಗಡ್ಡ ನರೆತಿದೆ. ಮಗನೊಬ್ಬನ ಮುಖವಿದ್ದಲ್ಲಿ ಅಳಿಸಿದ ಗುರುತಷ್ಟೆ.