ಓಡುವವರ ಕಥೆ ಹೇಳಿದ ಶಂಕರ್ ನಾಗ್

ಕನ್ನಡ ನಾಡಿನಲ್ಲಿ ಶಂಕರ್ ನಾಗ್ ಅವರ ಹೆಸರನ್ನು ಕೇಳದವರು ವಿರಳ. ಅವರು ಕಾಲವಾಗಿ ಮೂರು ದಶಕಗಳು ಮೀರಿದರೂ ಆಟೋರಿಕ್ಷಾಗಳ ಹಿಂಬದಿಯಲ್ಲಿ ಅವರ ಚಿತ್ರ ಇನ್ನೂ ಕಾಣಸಿಗುತ್ತದೆ. ಅದಕ್ಕೆ ಕಾರಣವಾದುದು 1980ರ ‘ಆಟೋ ರಾಜ’. ಅದೇ ವರ್ಷ ಅವರು ಮೊದಲ ಬಾರಿಗೆ ನಿರ್ದೇಶಿಸಿದ ‘ಮಿಂಚಿನ ಓಟ’ವನ್ನು ಬಲ್ಲವರು ನಮ್ಮ ವಯಸ್ಸಿನವರಲ್ಲಿ ಕಡಿಮೆ. ಅವರ ಜೀವನವನ್ನು ಸಂಕ್ಷೇಪವಾಗಿ ನಿರೂಪಿಸುತ್ತ, ತಪ್ಪು ಮಾಡಿ ಕಾನೂನಿನ ಕೈಯಿಂದ ತಪ್ಪಿಸಿಕೊಳ್ಳುವವರನ್ನು ಕುರಿತು ಅವರು ಮಾಡಿದ ಎರಡು ಚಿತ್ರಗಳತ್ತ ವಾಚಕರ ಗಮನವನ್ನು ಸೆಳೆಯುವುದು ನನ್ನ ಉದ್ದೇಶ.

ಶಂಕರ್ ನಾಗ್ ಅವರು 1954ನೆಯ ನವೆಂಬರ್ 9ರಂದು ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರದ ಸೀಮೆಯಲ್ಲಿ ಜನಿಸಿದರು. ಮನೆಮಾತು ಕೊಂಕಣಿ. ನಾಗರಕಟ್ಟೆ ಎಂಬ ಮನೆತನದ ಹೆಸರೇ ಮುಂದೆ ನಾಗ್ ಎಂದು ಮೊಟಕಾಯಿತು. ವಿದ್ಯಾಭ್ಯಾಸದ ನಂತರ ಮುಂಬಯಿ ಸೇರಿದ ಅವರನ್ನು ಅಲ್ಲಿಯ ಮರಾಠಿ ರಂಗಭೂಮಿ ಸೆಳೆದುಕೊಂಡಿತು. ಬಾಳಿನ ಸಂಗಾತಿಯಾದ ಅರುಂಧತಿಯವರ ಪರಿಚಯವಾದುದೂ ನಾಟಕದ ನಂಟಿನಿಂದಲೇ. 1978ರಲ್ಲಿ ಗಿರೀಶ್ ಕಾರ್ನಾಡರು ‘ಒಂದಾನೊಂದು ಕಾಲದಲ್ಲಿ’ ಚಿತ್ರದ ಕೂಲಿ ಯೋಧನ ಪಾತ್ರವನ್ನು ಅವರಿಗೆ ವಹಿಸಿದರು. ಆ ಪಾತ್ರಕ್ಕಾಗಿ ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ದೊರೆಯಿತು. ಹೀಗೆ ಕೊಂಕಣಿಯಲ್ಲಿ ಹುಟ್ಟಿ, ಮರಾಠಿಯಲ್ಲಿ ಪಳಗಿ, ಕನ್ನಡಕ್ಕೆ ಬಂದವರು ಅವರು. ಬೆಂಗಳೂರಿನಲ್ಲಿ ‘ಸಂಕೇತ್’ ತಂಡವನ್ನು ಕಟ್ಟಿ, ಜಯವಂತ ದಳವಿಯವರ ಮರಾಠಿ ನಾಟಕ ‘ಬ್ಯಾರಿಸ್ಟರ್’ ಅನ್ನು ಕನ್ನಡದಲ್ಲಿ ಆಡಿಸಿದರು. ಕಮಲನಗರದ ಪೇಟೆಯಲ್ಲಿ ಒಂದೇ ಮಾತಿನೊಳಗೆ ಮರಾಠಿಯೂ ಕನ್ನಡವೂ ಬೆರೆತು ಬರುವುದನ್ನು ದಿನವೂ ಕೇಳುವ ನಮಗೆ ಇದು ವಿಶೇಷವಾಗಿ ಹಿಡಿಸುವ ಸಂಗತಿ.

ಇನ್ನು ‘ಮಿಂಚಿನ ಓಟ’ದ ಮಾತು. ತಪ್ಪಿಸಿಕೊಂಡು ಓಡುವವನ ಕಥೆಗೆ ದೊಡ್ಡ ಬಂಡವಾಳ ಬೇಕಿಲ್ಲವೆಂಬುದನ್ನು ಅಮೆರಿಕದವರು ಮೊದಲೇ ತೋರಿಸಿದ್ದರು. ಎಡ್ಗರ್ ಅಲ್ಮರ್ 1945ರಲ್ಲಿ ಅಲ್ಪ ಹಣದಲ್ಲಿ ಮಾಡಿದ ‘ಡಿಟೂರ್’ ಚಿತ್ರದಲ್ಲಿ, ಸತ್ತವನೊಬ್ಬನ ಕಾರನ್ನೂ ಹೆಸರನ್ನೂ ಹೊತ್ತು ಸಾಗುವ ಬಡ ಪಿಯಾನೋ ವಾದಕನೇ ನಾಯಕ. ಒಂದು ರಸ್ತೆ, ಒಂದು ಕಾರು, ಒಬ್ಬನ ಎದೆಯೊಳಗಿನ ಭಯ, ಇಷ್ಟೇ ಅದರ ಆಸ್ತಿ. ಶಂಕರ್ ನಾಗ್ ಅವರ ಚಿತ್ರದಲ್ಲಿಯೂ ಭಾರಿ ಸೆಟ್ಟುಗಳ ವೈಭವವಿಲ್ಲ. ಕಾರು ಕದಿಯುವ ಮೂವರು, ಅವರನ್ನು ಹಿಡಿದಿಡುವ ಜೈಲು, ಅಲ್ಲಿಂದ ತಪ್ಪಿಸಿಕೊಳ್ಳುವ ಹಂಚಿಕೆ, ಬೆನ್ನಟ್ಟುವ ಪೊಲೀಸರು. ಮೂವರು ಕಳ್ಳರಾಗಿ ಶಂಕರ್ ನಾಗ್, ಅಣ್ಣ ಅನಂತ್ ನಾಗ್ ಹಾಗೂ ಹಿರಿಯ ನಟ ಲೋಕನಾಥ್ ಅಭಿನಯಿಸಿದರು. ಚಿತ್ರಕ್ಕೆ ರಾಜ್ಯ ಸರ್ಕಾರದ ಹಲವು ಪ್ರಶಸ್ತಿಗಳು ಬಂದವು. ಕಳ್ಳತನವನ್ನು ಅದು ಹೊಗಳುವುದಿಲ್ಲ. ಆದರೆ ಕಳ್ಳನಿಗೂ ಸ್ನೇಹ, ಪ್ರೀತಿ, ನಾಳೆಯ ಆಸೆ ಇರುತ್ತವೆಂಬುದನ್ನು ಮರೆಯುವುದೂ ಇಲ್ಲ.

ಐದು ವರ್ಷಗಳ ತರುವಾಯ, 1985ರಲ್ಲಿ, ‘ಆಕ್ಸಿಡೆಂಟ್’ ಬಂದಿತು. ಇಲ್ಲಿ ಅಪರಾಧಿ ಬಡವನಲ್ಲ, ಪ್ರಭಾವಶಾಲಿ ರಾಜಕಾರಣಿಯ ಮಗ. ಅವನು ಅಮಲಿನಲ್ಲಿ ಕಾರನ್ನು ಓಡಿಸಿ, ಬೀದಿಬದಿಯಲ್ಲಿ ಮಲಗಿದ್ದ ಕೂಲಿಕಾರರ ಮೇಲೆ ಹರಿಸುತ್ತಾನೆ. ತಂದೆಯ ಅಧಿಕಾರ ಅದನ್ನು ಮುಚ್ಚಿಹಾಕಲು ಮುಂದಾಗುತ್ತದೆ. ಸತ್ಯವನ್ನು ಹುಡುಕಿ ಹೊರಡುವ ಪತ್ರಕರ್ತನಾಗಿ ಸ್ವತಃ ಶಂಕರ್ ನಾಗ್ ನಟಿಸಿದರು. ಹಾಡುಗಳಿಲ್ಲದ ಈ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಸಂದಿತು.

ಈ ಎರಡು ಚಿತ್ರಗಳನ್ನು ಜೊತೆಗಿಟ್ಟು ನೋಡಬೇಕೆಂಬುದು ನನ್ನ ಅಭಿಪ್ರಾಯ. ಮೊದಲನೆಯದರಲ್ಲಿ ಕಳ್ಳರು ತಮ್ಮ ಕಾಲ ಬಲದಿಂದಲೇ ಓಡಬೇಕು. ಇಡೀ ಪೊಲೀಸ್ ಪಡೆ ಅವರ ಹಿಂದೆ ಬೀಳುತ್ತದೆ. ಎರಡನೆಯದರಲ್ಲಿ ಪ್ರಾಣ ತೆಗೆದವನು ಮನೆಯಲ್ಲಿಯೇ ಇರಬಹುದು; ಅವನ ಪರವಾಗಿ ಅಧಿಕಾರವೇ ಓಡಾಡುತ್ತದೆ. ಕಾರು ಕದ್ದವನಿಗಿಂತ ಕಾರು ಹರಿಸಿದವನು ಸುರಕ್ಷಿತ! ಮೊದಲ ಚಿತ್ರದಲ್ಲಿ ಕಳ್ಳನಾಗಿದ್ದ ಅನಂತ್ ನಾಗ್ ಅವರೇ ಎರಡನೆಯದರಲ್ಲಿ ರಾಜಕಾರಣಿ ತಂದೆ. ಕಾನೂನು ಒಂದೇ ಆದರೂ ಅದರ ಓಟ ಎಲ್ಲರ ಹಿಂದೆಯೂ ಒಂದೇ ವೇಗದಲ್ಲಿರುವುದಿಲ್ಲ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ಭಾಷಣವೂ ನನಗೆ ತಿಳಿಸಲಿಲ್ಲ.

ಈ ಮಾತು ನಮಗೆ ದೂರದ್ದಲ್ಲ. ನಮ್ಮ ಕಡೆಯಿಂದ ಹೈದರಾಬಾದಿಗೂ ಪುಣೆ ಮುಂಬಯಿಗಳಿಗೂ ಕೂಲಿಗೆ ಹೋದವರು ಕಟ್ಟಡದ ಕೆಲಸ ನಡೆಯುವಲ್ಲಿಯೇ, ರಸ್ತೆಯ ಅಂಚಿನಲ್ಲಿಯೇ ಮಲಗುತ್ತಾರೆ. ಪದವಿ ತರಗತಿಯನ್ನು ನಮ್ಮ ಮನೆಯಲ್ಲಿ ಮೊದಲು ಕಂಡವನು ನಾನು. ನನಗಿಂತ ಹಿಂದಿನವರೆಲ್ಲ ಹಾಗೆ ಮಲಗಿ ಎದ್ದವರು. ಆದುದರಿಂದ ‘ಆಕ್ಸಿಡೆಂಟ್’ ನೋಡುವಾಗ ನನಗೆ ಕಾರಿನೊಳಗಿನವರಿಗಿಂತ ಹೊದಿಕೆಯೊಳಗಿನವರ ಮುಖಗಳೇ ಪರಿಚಿತವೆನಿಸಿದವು.

ಶಂಕರ್ ನಾಗ್ ಅವರ ಉಳಿದ ಸಾಧನೆಗಳು ಸರ್ವವಿದಿತ. ಆರ್. ಕೆ. ನಾರಾಯಣರ ಕಥೆಗಳನ್ನಾಧರಿಸಿದ ‘ಮಾಲ್ಗುಡಿ ಡೇಸ್’ಗಾಗಿ ಆಗುಂಬೆಯನ್ನೇ ಮಾಲ್ಗುಡಿಯಾಗಿಸಿದರು, ಅದು 1980ರ ದಶಕದಲ್ಲಿ ದೂರದರ್ಶನದ ಮೂಲಕ ದೇಶದ ಮನೆಮನೆ ತಲುಪಿತು. ಧ್ವನಿಮುದ್ರಣಕ್ಕಾಗಿ ಮದರಾಸಿಗೆ ಹೋಗುವ ಕಷ್ಟವನ್ನು ನೀಗಲು ಬೆಂಗಳೂರಿನಲ್ಲಿ ‘ಸಂಕೇತ್’ ಸ್ಟುಡಿಯೋವನ್ನು ಸ್ಥಾಪಿಸಿದರು. 1987ರ ‘ಒಂದು ಮುತ್ತಿನ ಕಥೆ’ಯಲ್ಲಿ ಡಾ. ರಾಜಕುಮಾರರನ್ನು ನಿರ್ದೇಶಿಸಿದರು. 1988ರ ‘ಸಾಂಗ್ಲಿಯಾನ’ದಲ್ಲಿ ಪೊಲೀಸ್ ಸಮವಸ್ತ್ರವನ್ನೂ ಧರಿಸಿದರು.

1990ನೆಯ ಸೆಪ್ಟೆಂಬರ್ 30ರಂದು ‘ಜೋಕುಮಾರಸ್ವಾಮಿ’ ಚಿತ್ರೀಕರಣಕ್ಕೆಂದು ಲೋಕಾಪುರದತ್ತ ಹೊರಟಿದ್ದಾಗ, ದಾವಣಗೆರೆ ಸಮೀಪದ ಆನಗೋಡಿನ ಬಳಿ ಸಂಭವಿಸಿದ ಕಾರು ಅಪಘಾತದಲ್ಲಿ ಅವರು ಮೃತಪಟ್ಟರು. ಆಗ ಅವರಿಗೆ 36 ವರ್ಷಗಳೂ ತುಂಬಿರಲಿಲ್ಲ. ಅದೇ ಕಾರಿನಲ್ಲಿದ್ದು ಗಾಯಗೊಂಡ ಅರುಂಧತಿಯವರು ಚೇತರಿಸಿಕೊಂಡು, ಅನೇಕರ ನೆರವಿನಿಂದ 2004ರಲ್ಲಿ ಬೆಂಗಳೂರಿನಲ್ಲಿ ‘ರಂಗ ಶಂಕರ’ವನ್ನು ನಾಟಕಪ್ರಿಯರಿಗೆ ತೆರೆದರು.

ಶಂಕರ್ ನಾಗ್ ಅವರ ವೇಗವನ್ನು ಕೊಂಡಾಡುವವರು ಬಹಳ. ಅವರ ಕಣ್ಣು ಯಾರ ಮೇಲೆ ನಿಂತಿತು ಎಂಬುದನ್ನೂ ನಾವು ವಿಚಾರಿಸಬೇಕು. ನಮ್ಮ ಕಾಲೇಜಿನ ಕನ್ನಡ ಸಂಘವು ಮುಂದಿನ ವರ್ಷ ಈ ಎರಡು ಚಿತ್ರಗಳನ್ನು ಒಂದರ ಬೆನ್ನಿಗೊಂದು ತೋರಿಸಿ, ಅಧ್ಯಾಪಕರ ಸಮ್ಮುಖದಲ್ಲಿ ಚರ್ಚೆಯನ್ನು ಏರ್ಪಡಿಸಲೆಂದು ಕೋರುತ್ತೇನೆ. ಅಷ್ಟರಲ್ಲಿ ನಾನು ಇಲ್ಲಿಂದ ಹೊರಟಿರುತ್ತೇನೆ. ಆದರೂ ಕರೆ ಬಂದರೆ ಕೇಳಲು ಬಂದೇ ಬರುವೆನು.