ಕಂಪ್ಯೂಟರಿನ 'ಬಗ್' ಮತ್ತು ಗ್ರೇಸ್ ಹಾಪರ್: ಪತಂಗದ ಕತೆಯ ಆಚೆಗೆ

ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ ನುಸುಳುವ ತಪ್ಪನ್ನು ನಾವು 'ಬಗ್' ಎನ್ನುತ್ತೇವೆ. ಈ ಹೆಸರು ಹೇಗೆ ಬಂತು ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ಗ್ರೇಸ್ ಹಾಪರ್ ಎಂಬ ಮಹಿಳೆ ಕಂಪ್ಯೂಟರಿನೊಳಗೆ ಸತ್ತ ಪತಂಗವೊಂದನ್ನು ಕಂಡು ಈ ಪದವನ್ನು ಹುಟ್ಟುಹಾಕಿದರು. ಕತೆ ಚೆನ್ನಾಗಿದೆ, ಆದರೆ ಪೂರ್ತಿ ನಿಜವಲ್ಲ.

ಪತಂಗ ಸಿಕ್ಕಿದ್ದಂತೂ ಹೌದು. 1947ರ ಸೆಪ್ಟೆಂಬರ್ 9ರಂದು, ಹಾರ್ವರ್ಡ್ ತಂಡ ಕಟ್ಟಿದ ಮಾರ್ಕ್ 2 ಯಂತ್ರದ ರಿಲೇಯೊಂದರಲ್ಲಿ ಅದು ಸಿಕ್ಕಿಹಾಕಿಕೊಂಡಿತ್ತು. ತಂಡದವರು ಅದನ್ನು ಲಾಗ್ ಪುಸ್ತಕಕ್ಕೆ ಅಂಟಿಸಿ ಪಕ್ಕದಲ್ಲೊಂದು ತಮಾಷೆಯ ಸಾಲು ಬರೆದರು. 'ಬಗ್' ಪದ ಆಗಲೇ ಬಳಕೆಯಲ್ಲಿ ಇದ್ದುದರಿಂದಲೇ ಅದು ತಮಾಷೆಯಾಯಿತು. ಥಾಮಸ್ ಎಡಿಸನ್ 1878ರಲ್ಲೇ ಯಂತ್ರದೋಷಗಳಿಗೆ ಆ ಪದ ಬಳಸಿದ್ದರು. ಪತಂಗವನ್ನು ಹಿಡಿದವರೂ ಹಾಪರ್ ಅಲ್ಲ. ಕತೆಯನ್ನು ಸ್ವಾರಸ್ಯವಾಗಿ ಹೇಳಿ ಎಲ್ಲೆಡೆ ಹಬ್ಬಿಸಿದ್ದು ಮಾತ್ರ ಅವರೇ!

ಹಾಪರ್ ಬದುಕು ಇನ್ನೊಂದು ತಪ್ಪು ನಂಬಿಕೆಯನ್ನೂ ಅಲುಗಾಡಿಸುತ್ತದೆ. ಪ್ರೋಗ್ರಾಮಿಂಗ್ ಚಿಕ್ಕಂದಿನಲ್ಲೇ ಕೈಗೆ ಹತ್ತಬೇಕು, ತಪ್ಪು ಮಾಡುವವರಿಗೆ ಅದು ಒಗ್ಗುವುದಿಲ್ಲ ಎಂದುಕೊಂಡು ಎಷ್ಟೋ ಜನ ಮೊದಲ ಕೆಲವು ವಾರಗಳಲ್ಲೇ ಕೈಚೆಲ್ಲುತ್ತಾರೆ.

1906ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಗ್ರೇಸ್, ಏಳು ವರ್ಷದ ಹುಡುಗಿಯಾಗಿದ್ದಾಗ ಮನೆಯ ಅಲಾರಂ ಗಡಿಯಾರಗಳನ್ನು ಒಂದೊಂದಾಗಿ ಬಿಚ್ಚಿಟ್ಟಿದ್ದರಂತೆ. 1934ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಡಾಕ್ಟರೇಟ್ ಪಡೆದರು, ವಾಸರ್ ಕಾಲೇಜಿನಲ್ಲಿ ಪಾಠ ಹೇಳಿದರು. ಎರಡನೇ ಮಹಾಯುದ್ಧದ ನಡುವೆ, ತೂಕ ಕಡಿಮೆಯಿದ್ದರೂ ವಿಶೇಷ ಅನುಮತಿ ಪಡೆದು ಅಮೆರಿಕದ ನೌಕಾಪಡೆಯನ್ನು ಸೇರಿದರು. 1944ರ ಜುಲೈನಲ್ಲಿ ಅವರನ್ನು ಹಾರ್ವರ್ಡ್‌ಗೆ ಕಳುಹಿಸಿದಾಗ ಅವರಿಗೆ 37 ವರ್ಷ. ಅಲ್ಲಿಯವರೆಗೆ ಅವರು ಕಂಪ್ಯೂಟರನ್ನೇ ನೋಡಿರಲಿಲ್ಲ.

ಅಲ್ಲಿದ್ದದ್ದು 51 ಅಡಿ ಉದ್ದ, 8 ಅಡಿ ಎತ್ತರದ ಮಾರ್ಕ್ 1. ಕಾಗದದ ಪಟ್ಟಿಯಲ್ಲಿ ತೂತು ಕೊರೆದು ಅದಕ್ಕೆ ಆದೇಶಗಳನ್ನು ಕೊಡಬೇಕಿತ್ತು. ಮುಖ್ಯಸ್ಥ ಹೊವರ್ಡ್ ಐಕನ್ ಅವರನ್ನು ಕೂರಿಸಿ ಪಾಠ ಹೇಳಲಿಲ್ಲ. ಆರ್ಕ್ ಟ್ಯಾಂಜೆಂಟಿಗೆ ಸಂಬಂಧಿಸಿದ ಲೆಕ್ಕವೊಂದನ್ನು ಕೊಟ್ಟು ಒಂದು ವಾರದ ಗಡುವು ವಿಧಿಸಿದರು. ಓದಿ ಕಲಿಯೋಣವೆಂದರೆ ಕೈಪಿಡಿಯೇ ಇರಲಿಲ್ಲ. ತಮಗಿಂತ ಚಿಕ್ಕವರಾದ ರಿಚರ್ಡ್ ಬ್ಲಾಕ್, ರಾಬರ್ಟ್ ಕ್ಯಾಂಪ್‌ಬೆಲ್ ಅವರನ್ನು ಕೇಳುತ್ತ, ಯಂತ್ರದ ಸರ್ಕಿಟ್ ನಕ್ಷೆಗಳನ್ನು ಬಿಡಿಸಿಕೊಂಡು ಕೂರುತ್ತ ಹಾಪರ್ ಕೆಲಸ ಕಲಿತರು. ಆಮೇಲೆ ಆ ಕೈಪಿಡಿ ಬರೆಯುವ ಜವಾಬ್ದಾರಿಯೂ ಅವರ ಹೆಗಲಿಗೇ ಬಿತ್ತು. ಬರೆದದ್ದನ್ನು ಐಕನ್ ಅವರಿಗೆ ಓದಿ ಹೇಳಬೇಕು, ತಿದ್ದಬೇಕು, ಮತ್ತೆ ಬರೆಯಬೇಕು. 1946ರಲ್ಲಿ ಪ್ರಕಟವಾದ ಆ ಪುಸ್ತಕಕ್ಕೆ 500ಕ್ಕೂ ಹೆಚ್ಚು ಪುಟ. ಇನ್ನೊಬ್ಬರಿಗೆ ಅರ್ಥವಾಗುವಂತೆ ಬರೆಯಹೊರಟಾಗ ತಮಗೇ ಅರ್ಥವಾಗದ ಜಾಗಗಳು ತಾನಾಗಿ ಎದುರಾಗುತ್ತವೆ. ಅವರ ಕಲಿಕೆಯಲ್ಲಿ ಹೆಚ್ಚಿನ ಪಾಲು ಇದರದೇ ಇರಬೇಕೆಂದು ನಮಗನಿಸುತ್ತದೆ.

ತಂಡದ ಪ್ರತಿಯೊಬ್ಬರ ಬಳಿಯೂ ಒಂದು ನೋಟ್‌ಬುಕ್ ಇರುತ್ತಿತ್ತು. ಸರಿಯಾಗಿ ಕೆಲಸಮಾಡಿದ ಪ್ರೋಗ್ರಾಮಿನ ತುಣುಕುಗಳನ್ನು ಅದರಲ್ಲಿ ಬರೆದಿಟ್ಟು, ಬೇಕಾದಾಗ ಪರಸ್ಪರ ಎರವಲು ಪಡೆಯುತ್ತಿದ್ದರು. ಇಂದು ನಾವು ಅಂತರ್ಜಾಲದಿಂದ ಕೋಡ್ ನಕಲಿಸಿಕೊಳ್ಳುತ್ತೇವಲ್ಲ, ಹಾಗೆಯೇ. ತೊಂದರೆ ಶುರುವಾಗುತ್ತಿದ್ದುದೂ ಅಲ್ಲಿಯೇ. ಕೈಯಲ್ಲಿ ನಕಲಿಸುವಾಗ ಡೆಲ್ಟಾ ಚಿಹ್ನೆ 4 ಆಗಿಬಿಡುತ್ತಿತ್ತು, ಇಂಗ್ಲಿಷಿನ 'ಬಿ' ಅಕ್ಷರ 13 ಆಗುತ್ತಿತ್ತು. ತುಣುಕನ್ನು ಹೊಸ ಜಾಗಕ್ಕೆ ಹೊಂದಿಸಲು ಅದರೊಳಗಿನ ಸಂಖ್ಯೆಗಳಿಗೆ ಇನ್ನಷ್ಟು ಕೂಡಿಸಬೇಕಾದಾಗ, ಗಣಿತಜ್ಞರೇ ಕೂಡುವುದರಲ್ಲಿ ಎಡವುತ್ತಿದ್ದರು!

ಇಂಥ ತಪ್ಪಾದಾಗ ಇನ್ನು ಮುಂದೆ ಹುಷಾರಾಗಿರೋಣ ಎಂದುಕೊಂಡು ನಾವು ಮುಂದೆ ಹೋಗುತ್ತೇವೆ. ಹಾಪರ್ ಮಾತ್ರ ಒಂದೇ ಬಗೆಯ ತಪ್ಪು ಮತ್ತೆಮತ್ತೆ ಆಗುತ್ತಿರುವುದನ್ನು ಗಮನಿಸಿದರು. ನಕಲಿಸುವುದು, ಕೂಡುವುದು ಎರಡೂ ಯಂತ್ರ ಚೆನ್ನಾಗಿ ಮಾಡುವ ಕೆಲಸಗಳಲ್ಲವೇ? 1949ರಲ್ಲಿ ಅವರು ಯೂನಿವ್ಯಾಕ್ ಕಂಪ್ಯೂಟರ್ ತಯಾರಿಸುತ್ತಿದ್ದ ಸಂಸ್ಥೆ ಸೇರಿದ್ದರು. ಅಲ್ಲಿ, ಪರೀಕ್ಷಿಸಿದ ತುಣುಕುಗಳನ್ನು ಮ್ಯಾಗ್ನೆಟಿಕ್ ಟೇಪಿಗೆ ಹಾಕಿ ಪ್ರತಿಯೊಂದಕ್ಕೂ ಗುರುತು ಕೊಟ್ಟರು. ಆ ಗುರುತುಗಳನ್ನು ಬರೆದರೆ ಸಾಕು, ಕಂಪ್ಯೂಟರ್ ತಾನೇ ತುಣುಕುಗಳನ್ನು ಹುಡುಕಿ ಜೋಡಿಸುತ್ತಿತ್ತು. 'ಎ-0' ಎಂಬ ಈ ವ್ಯವಸ್ಥೆ 1952ರ ಹೊತ್ತಿಗೆ ಕೆಲಸಮಾಡುತ್ತಿದ್ದರೂ, ಕಂಪ್ಯೂಟರ್ ಲೆಕ್ಕ ಬಿಟ್ಟು ಬೇರೇನೂ ಮಾಡಲಾರದು ಎಂದು ನಂಬಿದ್ದ ಅನೇಕರು ಇದನ್ನು ಒಪ್ಪಲು ಹಿಂಜರಿದರು. ಮುಂದೆ ಇಂಗ್ಲಿಷ್ ಪದಗಳಲ್ಲೇ ಆದೇಶ ಕೊಡಬಹುದಾದ 'ಫ್ಲೋ-ಮ್ಯಾಟಿಕ್' ಬಂತು, ಅದರ ಪ್ರಭಾವದಿಂದ 1959ರಲ್ಲಿ ಕೋಬಾಲ್ ಭಾಷೆಯ ರಚನೆ ಪ್ರಾರಂಭವಾಯಿತು.

ಇಷ್ಟೆಲ್ಲ ಮಾಡಿದವರ ಬ್ಯಾಂಕ್ ಲೆಕ್ಕವೇ ಒಮ್ಮೆ ತಾಳೆಯಾಗಿರಲಿಲ್ಲವಂತೆ. ಎಂಟರ ಆಧಾರದ ಸಂಖ್ಯೆಗಳಲ್ಲಿ ಮುಳುಗಿಹೋಗಿದ್ದ ಹಾಪರ್, ಚೆಕ್‌ಬುಕ್ಕಿನಲ್ಲೂ ಅದೇ ಪದ್ಧತಿಯಲ್ಲಿ ಕಳೆಯುತ್ತಿದ್ದರು!

ಅವರು ನೌಕಾಪಡೆಯಿಂದ ಕೊನೆಯ ಬಾರಿ ನಿವೃತ್ತರಾದದ್ದು 1986ರಲ್ಲಿ, 79ನೇ ವಯಸ್ಸಿಗೆ. 1992ರ ಜನವರಿ 1ರಂದು ತೀರಿಕೊಂಡರು. ಉಪನ್ಯಾಸಗಳಿಗೆ ಹೋದಾಗ ಅವರು ಸುಮಾರು 30 ಸೆಂಟಿಮೀಟರ್ ಉದ್ದದ ತಂತಿಯ ತುಂಡುಗಳನ್ನು ಹಂಚುತ್ತಿದ್ದರು; ಒಂದು ನ್ಯಾನೋಸೆಕೆಂಡಿನಲ್ಲಿ ವಿದ್ಯುತ್ ಸಂಕೇತ ಅತಿ ಹೆಚ್ಚೆಂದರೆ ಕ್ರಮಿಸಬಲ್ಲ ದೂರ ಅದು. ಮೈಕ್ರೋಸೆಕೆಂಡ್ ಎಂದರೆಷ್ಟು ಎಂದು ತೋರಿಸಲು ಸುಮಾರು 300 ಮೀಟರ್ ತಂತಿಯ ದೊಡ್ಡ ಸುರುಳಿಯನ್ನೇ ಎತ್ತಿ ಹಿಡಿಯುತ್ತಿದ್ದರು. ಪ್ರೋಗ್ರಾಮರುಗಳು ತಾವು ಪೋಲುಮಾಡುವ ಸಮಯವನ್ನು ಕಣ್ಣಾರೆ ಕಾಣಲಿ ಎಂಬುದು ಅವರ ಉದ್ದೇಶವಾಗಿತ್ತು.